ಬದುವಿನ ಆಲೆ ಮರ ಸೌದೆಗಷ್ಟೇ ಅಲ್ಲ: ಮರ ಕಡೆಯುವುದನ್ನು ಕಲಿಯುವವರಿಗೆ

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಸರಕಾರ ಘೋಷಿಸಿತು. ನನ್ನ 3 ಎಕರೆ ಖುಷ್ಕಿಯಲ್ಲಿ ಆ ವರ್ಷ ರಾಗಿ ಕೈಗೆ ಬರಲಿಲ್ಲ. ಆದರೆ ಬದುವಿನ ಮೇಲಿನ ಆಲೆ ಮರಗಳು ಹಸಿರಾಗೇ ಇದ್ದವು. ನಮ್ಮಲ್ಲಿ ಆ ಮರಕ್ಕೆ ಸೌದೆ ಬೆಲೆ. ಅದೇ ಮರದಿಂದ ಚನ್ನಪಟ್ಟಣದವರು ತಲೆತಲಾಂತರದಿಂದ ಬೊಂಬೆ ಕಡೆದು ಬದುಕಿದ್ದಾರೆ. ಕೆಲವರು ಇದನ್ನು ಹಾಲೆ ಎನ್ನುತ್ತಾರೆ. ಎಲೆ ಕಿತ್ತರೆ ಹಾಲು ಸುರಿಯುತ್ತೆ, ಮರ ಬೆಳ್ಳಗೆ, ನುಣ್ಣಗೆ. ಬುಡ ಬಿಟ್ಟು ಕಡಿದರೆ ಮತ್ತೆ ಚಿಗುರುತ್ತೆ. ಮಳೆ ನಂಬಿದ ನಮ್ಮಂಥವರಿಗೆ ಬೇಸಗೆಯ ನಾಲ್ಕು ತಿಂಗಳು ಕೈಗೆ ಕೆಲಸ ಬೇಕಲ್ಲ, ಅದಕ್ಕೆ ಮರ ಕಡೆಯುವುದು ಹೊಂದುತ್ತೆ. ಐದು ಬೇಸಗೆ ಮಾಡಿ ತಿಳಿದದ್ದನ್ನು ಬರೆಯುತ್ತಿದ್ದೇನೆ.

ಮರ ಆರಿಸುವುದು, ಒಣಗಿಸುವುದು

ಮರ ಕಡಿಯೋಕೆ ಮುಂಚೆ ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ವಿಚಾರಿಸಿ. ಸ್ವಂತ ಜಮೀನಿನ ಮರವಾದರೂ ಕೆಲವಕ್ಕೆ ಅಪ್ಪಣೆ ಬೇಕು. ಕಲಿಯೋಕೆ ಕೊಂಬೆ ಸಾಕು.

ಹಸಿ ಮರವನ್ನು ಬಿಸಿಲಿಗೆ ಹಾಕಿದರೆ ಸೀಳುತ್ತೆ. ತುದಿಗಳಿಂದ ನೀರು ಬೇಗ ಆರುತ್ತೆ, ನಡುವೆ ನಿಧಾನ. ಅದಕ್ಕೇ ಸೀಳು ತುದಿಯಿಂದ ಶುರುವಾಗೋದು. ತುಂಡು ಮಾಡಿದ ದಿನವೇ ಎರಡೂ ತುದಿಗೆ ಕರಗಿಸಿದ ಮೇಣ ಇಲ್ಲವೇ ಹಳೇ ಬಣ್ಣ ಬಳಿಯಿರಿ. ನೆರಳಲ್ಲಿ, ಗಾಳಿ ಆಡುವ ಕಡೆ ಅಡ್ಡಡ್ಡ ಪೇರಿಸಿಡಿ. ನಡುವಿನ ತಿರುಳು ಇರುವ ತುಂಡು ಹೆಚ್ಚಾಗಿ ಸೀಳುತ್ತೆ, ದಪ್ಪ ಮರವಾದರೆ ತಿರುಳು ಬಿಟ್ಟು ಸೀಳಿಕೊಳ್ಳಿ. ಒಣಗಿತೋ ಇಲ್ಲವೋ ಅಂತ ತಿಳಿಯೋಕೆ ಒಂದು ತುಂಡಿಗೆ ಗುರುತು ಹಾಕಿ ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತರೆ ಒಣಗಿತು ಅಂತ ಅರ್ಥ.

ಕೈ ಪಳಗಿಸೋಕೆ ಮಾತ್ರ ಹಸಿ ಕೊಂಬೆಯೇ ಒಳ್ಳೇದು, ಉಳಿಗೆ ಮೆತ್ತಗೆ ಸಿಗುತ್ತೆ. ಹುಣಸೆ, ಜಾಲಿ ಗಟ್ಟಿ ಮರಗಳು. ಹಿಡಿಗೆ ಚೆನ್ನ, ಆದರೆ ಕಲಿಯುವವರಿಗೆ ಕಷ್ಟ. ಗಂಟಿರುವುದು, ಹುಳ ತಿಂದದ್ದು, ಸೀಳಿದ್ದು ಲೇತಿಗೆ ಹಾಕಲೇಬೇಡಿ, ತಿರುಗುವಾಗ ಒಡೆದು ಮುಖಕ್ಕೇ ಬರುತ್ತೆ.

ಲೇತು ಮತ್ತು ವೇಗ

ಹಿಂದೆ ನೆಲದಲ್ಲಿ ಕೂತು, ಮರಕ್ಕೆ ಹಗ್ಗ ಸುತ್ತಿ, ಬಿಲ್ಲಿನಿಂದ ಎಳೆದು ತಿರುಗಿಸುತ್ತಿದ್ದರು. ಈಗ ಬಹುಪಾಲು ಕಡೆ ಕರೆಂಟಿನ ಲೇತು. ನಮಗೆ ಅರ್ಧ ಎಚ್‌ಪಿಯ ಸಿಂಗಲ್ ಫೇಸ್ ಮೋಟರು ಸಾಕು, ಗಂಟೆಗೆ ಹೆಚ್ಚು ಕಡಿಮೆ ಅರ್ಧ ಯೂನಿಟ್ ಎಳೆಯುತ್ತೆ. ಸಾಲ ಮಾಡಿ ಹೊಸ ಲೇತು ಕೊಳ್ಳಬೇಡಿ. ಮೊದಲು ಕಸುಬು ಬಲ್ಲವರ ಹತ್ತಿರ ಹದಿನೈದು ದಿನ ಕೂತು ನೋಡಿ, ಆಮೇಲೆ ಹಳೇದು ಹುಡುಕಿ.

ವೇಗದ ಲೆಕ್ಕ ಸುಲಭ. ಮೋಟರು ನಿಮಿಷಕ್ಕೆ 1440 ಸುತ್ತಿನದು ಅಂದುಕೊಳ್ಳಿ. ಮೋಟರಿಗೆ 2 ಇಂಚಿನ ಪುಲ್ಲಿ, ಲೇತಿಗೆ 4 ಇಂಚಿನ ಪುಲ್ಲಿ ಹಾಕಿದರೆ ಮರ 720 ಸುತ್ತು ತಿರುಗುತ್ತೆ. ಎರಡಕ್ಕೂ 3 ಇಂಚಿನದಾದರೆ 1440. ಮೂಲೆ ಇರುವ ಒರಟು ತುಂಡಿಗೆ 720, ದುಂಡಾದ ಮೇಲೆ 1440. ಮರ ದಪ್ಪವಿದ್ದಷ್ಟೂ ವೇಗ ಕಮ್ಮಿ ಇರಲಿ. ತಿರುಗುವಾಗ ಮರದ ಮೇಲ್ಮೈ ನಿಮ್ಮ ಕಡೆಗೆ ಇಳಿದು ಬರಬೇಕು, ತಿರುಗಾ ಮುರುಗಾ ಆದರೆ ಉಳಿ ಹಿಡಿಯೋಕೆ ಆಗಲ್ಲ.

ಮೈಮೇಲೆ ನಿಗಾ

ಇದನ್ನು ಓದದೆ ಲೇತು ಹತ್ತಿರ ಹೋಗಬೇಡಿ. ಹೆಗಲ ಮೇಲಿನ ಟವಲು, ಜೋತಾಡುವ ಪಂಚೆ, ತುಂಬು ತೋಳಿನ ಅಂಗಿ, ಕೈಗೆ ಕಟ್ಟಿದ ದಾರ, ವಾಚು, ಬಳೆ ಯಾವುದೂ ಇರಬಾರದು. ಹೆಣ್ಣುಮಕ್ಕಳು ಜಡೆ ಎತ್ತಿ ಕಟ್ಟಿ, ಸೆರಗು ಸಿಕ್ಕಿಸಬೇಕು. ಕೈಗವಸು ಹಾಕುವುದು ಇನ್ನೂ ಅಪಾಯ, ಒಂದು ಎಳೆ ಸಿಕ್ಕರೆ ಕೈಯನ್ನೇ ಎಳೆಯುತ್ತೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಬೇಕೇ ಬೇಕು. ಮರದ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ದಮ್ಮು ಕಟ್ಟುತ್ತೆ. ಸ್ವಿಚ್ಚು ಕೈಗೆಟುಕುವ ಕಡೆ ಇರಲಿ.

ಮೊದಲ ತುಂಡು

1. ಸುಮಾರು 2 ಇಂಚು ಚೌಕದ, 15 ಇಂಚು ಉದ್ದದ ತುಂಡು ತಗೊಳ್ಳಿ. ಎರಡೂ ತುದಿಯಲ್ಲಿ ಮೂಲೆಯಿಂದ ಮೂಲೆಗೆ ಗೆರೆ ಎಳೆಯಿರಿ. ಗೆರೆ ಕೂಡಿದ್ದೇ ನಡುಮಧ್ಯ. ನಾಲ್ಕು ಅಂಚನ್ನೂ ಬಾಚಿ ಇಲ್ಲವೇ ಉಜ್ಜುಗೊರಡಿನಿಂದ ಸವರಿ ಎಂಟು ಮೂಲೆ ಮಾಡಿ.

2. ತಿರುಗಿಸುವ ಹಲ್ಲನ್ನು ಲೇತಿನಿಂದ ಬಿಚ್ಚಿ, ನೆಲದ ಮೇಲೇ ಮರಕ್ಕೆ ತಟ್ಟಿ ಕೂರಿಸಿ. ಲೇತಿನಲ್ಲಿಟ್ಟು ಬಡಿದರೆ ಬೇರಿಂಗು ಹಾಳು. ಇನ್ನೊಂದು ತುದಿಯ ಮೊನೆ ತಿರುಗದ ಬಗೆಯದಾದರೆ ಒಂದು ಹನಿ ಎಣ್ಣೆ ಬಿಡಿ.

3. ಉಳಿ ಒರಗಿಸುವ ಪಟ್ಟಿಯನ್ನು ಮರಕ್ಕೆ ಆದಷ್ಟು ಹತ್ತಿರ ತನ್ನಿ. ಎರಡು ಬೆಂಕಿಕಡ್ಡಿ ಹಿಡಿಸುವಷ್ಟು ಸಂದು ಸಾಕು. ಸಂದು ಹೆಚ್ಚಾದರೆ ಉಳಿ ಸಿಕ್ಕಿಕೊಂಡು ಮೇಲೆ ಎಗರುತ್ತೆ. ಸ್ವಿಚ್ಚು ಹಾಕುವ ಮುಂಚೆ ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಎಲ್ಲೂ ತಾಗಬಾರದು. ಸ್ವಿಚ್ಚು ಹಾಕುವಾಗ ಮರದ ನೇರಕ್ಕೆ ನಿಲ್ಲಬೇಡಿ, ಪಕ್ಕಕ್ಕೆ ನಿಲ್ಲಿ.

4. ದೋಣಿಯ ಹಾಗೆ ಬಾಗಿದ ಅಗಲ ಉಳಿಯಿಂದ ಶುರು ಮಾಡಿ. ಉಳಿ ಮೊದಲು ಪಟ್ಟಿಯ ಮೇಲೆ ಕೂರಬೇಕು. ಆಮೇಲೆ ಸಾಣೆ ಹಿಡಿದ ಇಳಿಜಾರಿನ ಬೆನ್ನು ಮರಕ್ಕೆ ತಾಗಬೇಕು, ಈಗ ಮರ ಕೊಯ್ಯೋಲ್ಲ, ಉಜ್ಜುತ್ತೆ ಅಷ್ಟೆ. ಹಿಡಿಯನ್ನು ಮೆಲ್ಲಗೆ ಮೇಲೆತ್ತಿ, ಬಾಯಿ ಮರಕ್ಕೆ ಇಳಿದು ಸಿಪ್ಪೆ ಬರುತ್ತೆ. ಬಾಯಿಯನ್ನೇ ಮೊದಲು ಕೊಟ್ಟರೆ ಮರ ಉಳಿಯನ್ನು ಕಿತ್ತುಕೊಳ್ಳುತ್ತೆ. ಇದೊಂದು ಕೈಗೆ ಬಂದರೆ ಅರ್ಧ ವಿದ್ಯೆ ಬಂದ ಹಾಗೆ.

5. ಯಾವಾಗಲೂ ದಪ್ಪದಿಂದ ಸಣ್ಣಗಿರುವ ಕಡೆಗೆ ಕಡೆಯಿರಿ. ಇಳಿಜಾರಿಗೆ ನೀರು ಹರಿದ ಹಾಗೆ. ಏರಿಗೆ ಹೋದರೆ ಎಳೆ ಎದ್ದು ಒರಟಾಗುತ್ತೆ.

ಮೊದಲ ಹತ್ತು ತುಂಡು ಬರೀ ದುಂಡು ಮಾಡುವುದಕ್ಕೇ ಹೋಗಲಿ. ಆಮೇಲೆ ಲಟ್ಟಣಿಗೆ: ನಡುವೆ 9 ಇಂಚು ದುಂಡು, ಎರಡು ಕಡೆ ಎರಡೂವರೆ ಇಂಚಿನ ಹಿಡಿ, ಒಟ್ಟು 14. ಉಳಿದ ಅರ್ಧರ್ಧ ಇಂಚು ಹಲ್ಲು ಕಚ್ಚಿದ ಜಾಗ, ಕೊನೆಗೆ ಗರಗಸದಿಂದ ಕುಯ್ದುಬಿಡಿ. ದಪ್ಪ ಅಳೆಯೋಕೆ ರಟ್ಟಿನಲ್ಲಿ ಕಚ್ಚು ಮಾಡಿಕೊಳ್ಳಿ, ಮರ ನಿಲ್ಲಿಸಿಯೇ ಅಳೆಯಿರಿ. ಮರಳು ಕಾಗದ ಉಜ್ಜುವಾಗ ಪಟ್ಟಿ ತೆಗೆದಿಡಿ, ಬೆರಳು ನಡುವೆ ಸಿಗಬಾರದು.

ಸಾಣೆ

ಮೊಂಡು ಉಳಿ ಮರವನ್ನು ಕೊಯ್ಯೋಲ್ಲ, ಕೆರೆಯುತ್ತೆ. ಧೂಳು ಬಂದರೆ ಮೊಂಡು, ಸುರುಳಿ ಸಿಪ್ಪೆ ಬಂದರೆ ಹರಿತ. ಇಳಿಜಾರಿಗೆ ಸ್ಕೆಚ್ ಪೆನ್ನಿನ ಮಸಿ ಬಳಿದು ಸಾಣೆಗೆ ಹಿಡಿಯಿರಿ. ಮಸಿ ಪೂರ್ತಿ ಹೋದರೆ ಕೋನ ಸರಿ, ಬಾಯಲ್ಲಿ ಮಾತ್ರ ಹೋದರೆ ಕೋನ ತಪ್ಪಿದೆ. ಆಗಾಗ ನೀರಲ್ಲಿ ಅದ್ದಿ. ಮಾಮೂಲಿ ಉಕ್ಕು ನೀಲಿ ತಿರುಗಿತೋ, ಹದ ಹೋಯ್ತು.

ಅರಗಿನ ಬಣ್ಣ

ಮುತ್ತುಗ, ಎಲಚಿಯಂಥ ಮರಗಳ ಮೇಲೆ ಕೂರುವ ಸಣ್ಣ ಹುಳದಿಂದ ಅರಗು ಸಿಗುತ್ತೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಹತ್ತುತ್ತೆ. ಆಮೇಲೆ ತಾಳೆಹೂವಿನ ಒಣ ಗರಿಯನ್ನು ಒತ್ತಿ ಹಿಡಿದರೆ ಬಣ್ಣ ಸಮ ಹರಡಿ ಹೊಳೆಯುತ್ತೆ. ಮಕ್ಕಳು ಬಾಯಿಗಿಡುವ ಸಾಮಾನಿಗೆ ಅರಿಸಿನದಂಥ ಗಿಡದ ಬಣ್ಣವನ್ನೇ ಬಳಸಬೇಕು. ಅರಗು ಬಿಸಿಗೆ ಮೆತ್ತಗಾಗುತ್ತೆ, ಅದಕ್ಕೇ ಸೌಟು, ಲಟ್ಟಣಿಗೆಗೆ ಹಚ್ಚುವುದು ಬೇಡ.

ಲಾಭದ ಮಾತು

ಬೊಂಬೆಗೆ ಕೈ ಹಾಕುವುದು ಆಮೇಲೆ. ಮೊದಲು ನಮ್ಮೂರಿಗೆ ಬೇಕಾದ್ದು ಮಾಡಿ: ಕುಡುಗೋಲಿನ ಹಿಡಿ, ಉಳಿ ಹಿಡಿ, ಕಡೆಗೋಲು, ಬುಗುರಿ. ಹಿಡಿಯ ಬಾಯಿಗೆ ಕಬ್ಬಿಣದ ಬಳೆ ಹಾಕಿದರೆ ಸೀಳೋಲ್ಲ. ಕುಡುಗೋಲಿನ ಹಿಡಿಯೊಂದಕ್ಕೆ ನನಗೆ ಇಪ್ಪತ್ತು ನಿಮಿಷ ಹಿಡಿಯುತ್ತೆ, ಸಂತೆಯಲ್ಲಿ 30 ರೂಪಾಯಿಗೆ ಕೊಡುತ್ತೇನೆ. ಇದರಿಂದ ಶ್ರೀಮಂತರಾಗಲ್ಲ. ಆದರೆ ಬಿತ್ತನೆಗೆ ಮುಂಚೆ ಬೀಜ, ಗೊಬ್ಬರದ ದುಡ್ಡಿಗೆ ಇನ್ನೊಬ್ಬರ ಬಾಗಿಲು ಕಾಯೋದು ತಪ್ಪಿದೆ.

ಮರ ಕಡಿದ ಜಾಗದಲ್ಲಿ ಚಿಗುರಿದ ಕುಡಿಗಳಲ್ಲಿ ನೆಟ್ಟಗಿರುವ ಒಂದೆರಡನ್ನು ಬಿಟ್ಟು ಉಳಿದವನ್ನು ಸವರಿ. ಬೀಜ ಬಿದ್ದು ಹುಟ್ಟಿದ ಸಸಿಗಳನ್ನು ಈ ಮಳೆಗಾಲದಲ್ಲೇ ಬದುವಿಗೆ ಸಾಲಾಗಿ ನೆಡಿ. ಒಂದು ಬುಡ ಕಡಿದರೆ ನಾಲ್ಕು ಸಸಿ ಇಡಬೇಕು ಅನ್ನೋದು ನನ್ನ ಲೆಕ್ಕ.