ಎಡಿನ್‌ಬರೋದ ಬೇಸಗೆ ನಾಟಕಗಳು: ನೋಡುವವರಿಗೆ, ಬರೆಯುವವರಿಗೆ

ಬೇಸಗೆ ಎಂದರೆ ನಮಗೆ ಏಪ್ರಿಲ್, ಮೇ ತಿಂಗಳುಗಳ ಉರಿಬಿಸಿಲು. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಬೇಸಗೆ ಎಂದರೆ ಆಗಸ್ಟ್. ಅದೂ ಒಂದು ಕೈಯಲ್ಲಿ ಕೊಡೆ ಹಿಡಿದೇ ಅನುಭವಿಸಬೇಕಾದ ಬೇಸಗೆ. ಆ ತಿಂಗಳಿನ ಮೂರು ವಾರಗಳಿಗೂ ಮಿಕ್ಕಿ ಆ ಊರಿನಲ್ಲಿ ನಾಟಕವಾಡದ ಜಾಗವೇ ಇರುವುದಿಲ್ಲವೆಂದರೆ ಅತಿಶಯೋಕ್ತಿ ಹೌದು, ಆದರೆ ದೊಡ್ಡ ಅತಿಶಯೋಕ್ತಿಯೇನಲ್ಲ. ಚರ್ಚಿನ ಸಭಾಂಗಣ, ಶಾಲೆಯ ಕೊಠಡಿ, ವಿಶ್ವವಿದ್ಯಾನಿಲಯದ ಉಪನ್ಯಾಸ ಮಂದಿರ, ಪಾನಗೃಹದ ಅಟ್ಟ, ಕಲ್ಲಿನ ನೆಲಮಾಳಿಗೆ ಎಲ್ಲವೂ ರಂಗಮಂದಿರಗಳೇ. ೨೦೧೯ರಲ್ಲಿ ಅಲ್ಲಿ ೩,೮೦೦ಕ್ಕೂ ಹೆಚ್ಚು ಪ್ರದರ್ಶನಗಳು ಪಟ್ಟಿಯಲ್ಲಿದ್ದುವು. ಇಷ್ಟರಲ್ಲಿ ನೋಡುವುದು ಯಾವುದನ್ನು, ನೋಡಿದ ಮೇಲೆ ಅದನ್ನು ಕುರಿತು ಬರೆಯುವುದು ಹೇಗೆ?

ಇದರ ಹುಟ್ಟನ್ನು ಮೊದಲು ತಿಳಿಯಬೇಕು. ಎರಡನೆಯ ಮಹಾಯುದ್ಧ ಮುಗಿದು ಎರಡು ವರ್ಷವಾಗಿತ್ತು. ೧೯೪೭ರಲ್ಲಿ ಎಡಿನ್‌ಬರೋದಲ್ಲಿ ಅಂತರರಾಷ್ಟ್ರೀಯ ಕಲೋತ್ಸವ ಆರಂಭವಾಯಿತು. ಹೆಸರಾಂತ ವಾದ್ಯಮೇಳಗಳಿಗೂ ನಾಟಕ ಮಂಡಲಿಗಳಿಗೂ ಆಹ್ವಾನ ಹೋಯಿತು. ಆಹ್ವಾನವಿಲ್ಲದ ಎಂಟು ತಂಡಗಳು ತಾವಾಗಿಯೇ ಬಂದು, ಸಿಕ್ಕಿದ ಕಡೆ ನಾಟಕವಾಡಿದುವು. ಅವುಗಳಲ್ಲಿ ಒಂದು ಆಡಿದ್ದು ಎಡಿನ್‌ಬರೋದಲ್ಲಿಯೂ ಅಲ್ಲ, ಕಡಲತೋಳಿನ ಆಚೆ ಡನ್‌ಫರ್ಮ್‌ಲಿನ್ ಎಂಬ ಊರಿನ ಚರ್ಚಿನಲ್ಲಿ! ಮರುವರ್ಷ ರಾಬರ್ಟ್ ಕೆಂಪ್ ಎಂಬ ನಾಟಕಕಾರರು ಪತ್ರಿಕೆಯೊಂದರಲ್ಲಿ ಬರೆಯುತ್ತ, ಇಂಥ ನಾಟಕಗಳು ಉತ್ಸವದ ‘ಫ್ರಿಂಜ್’ನಲ್ಲಿ, ಎಂದರೆ ಸೆರಗಿನ ಅಂಚಿನಲ್ಲಿ, ನಡೆಯುತ್ತಿವೆ ಎಂದರು. ಹೆಸರು ಹಾಗೆಯೇ ನಿಂತಿತು. ಇಂದು ಅಂಚೇ ಸೀರೆಗಿಂತ ದೊಡ್ಡದಾಗಿದೆ.

ಕರೆಯದೆ ಬಂದವರು ಹಾಕಿಕೊಟ್ಟ ಪದ್ಧತಿ ಈಗಲೂ ಉಳಿದಿದೆ. ೧೯೫೮ರಲ್ಲಿ ಏರ್ಪಟ್ಟ ಫ್ರಿಂಜ್ ಸಂಘ ಪಟ್ಟಿ ಅಚ್ಚು ಹಾಕಿಸುತ್ತದೆ, ಟಿಕೆಟ್ ಮಾರುತ್ತದೆ. ಯಾವ ನಾಟಕವನ್ನೂ ಆರಿಸುವುದಿಲ್ಲ, ತಿರಸ್ಕರಿಸುವುದೂ ಇಲ್ಲ. ಜಾಗ ದೊರಕಿಸಿಕೊಂಡು ಶುಲ್ಕ ಕಟ್ಟಿದವರೆಲ್ಲರಿಗೂ ಪಟ್ಟಿಯಲ್ಲಿ ಸ್ಥಾನವುಂಟು. ಸೋಸುವ ಕೆಲಸ ಹೀಗೆ ಪ್ರೇಕ್ಷಕರ ಪಾಲಿಗೂ ವಿಮರ್ಶಕರ ಪಾಲಿಗೂ ಬಂದುಬಿಟ್ಟಿದೆ. ಬೇರೆ ಕಡೆ ವಿಮರ್ಶಕನು ಕಡೆಯಲ್ಲಿ ಬರುವವನು. ಇಲ್ಲಿ ಬಾಗಿಲಲ್ಲಿಯೇ ನಿಂತಿರುವವನು.

ನೀವು ಅಲ್ಲಿಗೆ ಹೋದಿರಿ ಎಂದಿಟ್ಟುಕೊಳ್ಳಿ. ನಾಟಕಗಳು ಸಾಮಾನ್ಯವಾಗಿ ಒಂದು ಗಂಟೆಯವು. ಒಂದು ತಂಡ ರಂಗಸಜ್ಜನ್ನು ಹೊತ್ತು ಹೊರಗೆ ಬರುತ್ತಿರುವಾಗಲೇ ಇನ್ನೊಂದು ಒಳಗೆ ಹೊಕ್ಕಿರುತ್ತದೆ. ದಿನಕ್ಕೆ ಆರು ನಾಟಕ ನೋಡಬಹುದೆಂದು ಲೆಕ್ಕ ಹಾಕುವುದು ಸುಲಭ. ದಯವಿಟ್ಟು ಹಾಕಬೇಡಿ. ಊರೆಲ್ಲ ಏರುತಗ್ಗು, ಮೆಟ್ಟಿಲುಗಳ ಓಣಿ, ನೆಲಮಾಳಿಗೆಗಳಲ್ಲಿ ಸೆಕೆ. ಐದನೆಯ ನಾಟಕದ ಹೊತ್ತಿಗೆ ನಟನು ಅಳುತ್ತಿದ್ದರೆ ನಿಮಗೆ ಆಕಳಿಕೆ ಬರುತ್ತಿರುತ್ತದೆ, ಅದು ಅವನ ತಪ್ಪಲ್ಲ. ಮೂರು ಸಾಕು. ಒಂದು ಹೆಸರು ಕೇಳಿದ್ದು, ಒಂದು ಯಾರಾದರೂ ಹೇಳಿದ್ದು, ಮತ್ತೊಂದು ಏನೂ ಗೊತ್ತಿಲ್ಲದೆ ಹೊಕ್ಕಿದ್ದು. ಮೂರನೆಯದನ್ನು ಬಿಟ್ಟರೆ ಫ್ರಿಂಜಿಗೆ ಹೋದಂತೆಯೇ ಅಲ್ಲವೆಂದು ನನ್ನ ಮತ.

ಬರೆಯುವುದಾದರೆ ಕೆಲವು ಮಾತು. ಕತ್ತಲಲ್ಲಿ ಪುಟಗಟ್ಟಲೆ ಗುರುತು ಹಾಕಿಕೊಳ್ಳುವವನು ನಾಟಕದ ಅರ್ಧವನ್ನು ಕಳೆದುಕೊಳ್ಳುತ್ತಾನೆ; ಐದಾರು ಶಬ್ದ ಗೀಚಿದರೆ ಸಾಕು. ಪತ್ರಿಕೆಗಳು ಕೊಡುವ ಸ್ಥಳ ಬಹಳ ಚಿಕ್ಕದು. ಆ ಸ್ಥಳದಲ್ಲಿ ಕಥೆ ಹೇಳುತ್ತ ಕುಳಿತರೆ ಉಳಿಯುವುದೇನು? ತಂಡ ಏನನ್ನು ಸಾಧಿಸಲು ಹೊರಟಿತು, ಎಲ್ಲಿಯವರೆಗೆ ಮುಟ್ಟಿತು, ಕಣ್ಣಿಗೂ ಕಿವಿಗೂ ಬಿದ್ದ ಯಾವ ಸಂಗತಿಯಿಂದ ನಿಮಗೆ ಹಾಗೆ ತೋರಿತು, ಇಷ್ಟು ಬರಬೇಕು. ‘ಅಭಿನಯ ಚೆನ್ನಾಗಿತ್ತು’ ಎಂಬ ವಾಕ್ಯ ಯಾರಿಗೂ ಉಪಯೋಗವಿಲ್ಲ. ಬಾಗಿಲ ಕಡೆ ತಿರುಗದೆ ಬೆನ್ನಿನಿಂದಲೇ ನಟಿಯು ಭಯವನ್ನು ತೋರಿಸಿದಳು ಎಂದರೆ ಓದುವವನಿಗೆ ಏನೋ ಕಾಣುತ್ತದೆ. ಇನ್ನು, ಸಾಲ ಮಾಡಿ ಬಂದ ವಿದ್ಯಾರ್ಥಿ ತಂಡದ ಮೇಲೆ ಚಮತ್ಕಾರದ ಕುಹಕ ಪ್ರಯೋಗಿಸುವುದು ಶೂರತನವಲ್ಲ. ಹಾಗೆಂದು ಸುಳ್ಳು ಹೊಗಳಿಕೆಯೂ ಸಲ್ಲದು. ನಿಮ್ಮ ಮಾತು ನಂಬಿ ಮಳೆಯಲ್ಲಿ ನಡೆದು ಬಂದು ದುಡ್ಡು ಕೊಡುವವರಿದ್ದಾರೆ.

ಒಂದು ವಿಮರ್ಶೆಯಿಂದ ಏನಾಗಬಹುದೆಂಬುದಕ್ಕೆ ೧೯೬೬ರ ಸಂಗತಿಯೊಂದನ್ನು ಹೇಳಬೇಕು. ಆ ವರ್ಷ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳ ತಂಡ ಕ್ರಾನ್‌ಸ್ಟನ್ ಬೀದಿಯ ಸಭಾಂಗಣದಲ್ಲಿ ಹೊಸ ನಾಟಕವೊಂದನ್ನು ಆಡಿತು. ‘ಹ್ಯಾಮ್ಲೆಟ್’ ನಾಟಕದಲ್ಲಿ ಬಂದುಹೋಗುವ ಇಬ್ಬರು ಸಣ್ಣ ಪಾತ್ರಗಳೇ ಅದರ ನಾಯಕರು. ‘ರೋಸೆನ್‌ಕ್ರಾಂಟ್ಸ್ ಅಂಡ್ ಗಿಲ್ಡೆನ್‌ಸ್ಟರ್ನ್ ಆರ್ ಡೆಡ್’ ಎಂದು ಹೆಸರು. ಬರೆದವರು ಟಾಮ್ ಸ್ಟಾಪರ್ಡ್, ಆಗ ೨೯ ವಯಸ್ಸು. ಮೊದಲು ಬಂದ ವಿಮರ್ಶೆಗಳಲ್ಲಿ ಉತ್ಸಾಹ ಕಡಿಮೆ. ಆದರೆ ‘ಅಬ್ಸರ್ವರ್’ ಪತ್ರಿಕೆಯ ರೊನಾಲ್ಡ್ ಬ್ರೈಡನ್ ಆ ಆಟವನ್ನು ಕಂಡು, ಹೊಸ ನಾಟಕಕಾರನೊಬ್ಬ ಬಂದಿದ್ದಾನೆಂದು ಭಾನುವಾರದ ಸಂಚಿಕೆಯಲ್ಲಿ ಮುಕ್ತಕಂಠದಿಂದ ಬರೆದರು. ಅದನ್ನು ಲಂಡನ್ನಿನ ನ್ಯಾಷನಲ್ ಥಿಯೇಟರಿನ ಕೆನೆತ್ ಟೈನನ್ ಓದಿದರು. ಹಸ್ತಪ್ರತಿ ಕಳುಹಿಸಿ ಎಂದು ತಂತಿ ಹೊಡೆದರು. ೧೯೬೭ರ ಏಪ್ರಿಲಿನಲ್ಲಿ ಆ ನಾಟಕ ಓಲ್ಡ್ ವಿಕ್ ರಂಗಮಂದಿರವೇರಿತು. ಮರುವರ್ಷ ಅಮೆರಿಕದಲ್ಲಿ ಶ್ರೇಷ್ಠ ನಾಟಕಕ್ಕೆಂದು ಟೋನಿ ಪ್ರಶಸ್ತಿ ಪಡೆಯಿತು. ಬ್ರೈಡನ್ ಆ ಸಂಜೆ ಬೇರೆ ಸಭಾಂಗಣಕ್ಕೆ ಹೋಗಿದ್ದರೆ? ಸ್ಟಾಪರ್ಡರ ಪ್ರತಿಭೆ ಅಡಗಿ ಹೋಗುತ್ತಿರಲಿಲ್ಲವೆನ್ನಿ. ಆದರೂ ಎಷ್ಟು ವರ್ಷ ತಡವಾಗುತ್ತಿತ್ತೋ!

‘ಸ್ಕಾಟ್ಸ್‌ಮನ್’ ಪತ್ರಿಕೆ ೧೯೭೩ರಲ್ಲಿ ಹೊಸ ನಾಟಕಗಳಿಗೆಂದೇ ‘ಫ್ರಿಂಜ್ ಫಸ್ಟ್’ ಬಹುಮಾನ ಏರ್ಪಡಿಸಿತು. ಫೀಬಿ ವಾಲರ್‌ಬ್ರಿಜ್ ಎಂಬ ನಟಿ ಒಬ್ಬರೇ ಆಡಿದ ‘ಫ್ಲೀಬ್ಯಾಗ್’ ೨೦೧೩ರಲ್ಲಿ ಆ ಬಹುಮಾನ ಪಡೆದು, ೨೦೧೬ರಲ್ಲಿ ದೂರದರ್ಶನ ಧಾರಾವಾಹಿಯಾಯಿತು.

ಇತ್ತೀಚಿನ ವರ್ಷಗಳಲ್ಲಿ ನಕ್ಷತ್ರಗಳ ಕಾಟ ಹೆಚ್ಚು. ವಿಮರ್ಶೆಯ ತಲೆಯ ಮೇಲೆ ಒಂದರಿಂದ ಐದು ನಕ್ಷತ್ರ. ನಾಲ್ಕು, ಐದು ಬಂದರೆ ತಂಡಕ್ಕೆ ಹಬ್ಬ. ಮೂರು ಬಂದರೆ, ಕೆಳಗೆ ಬರೆದದ್ದು ಎಷ್ಟೇ ಸಹೃದಯವಾಗಿದ್ದರೂ ಓದುವವರಿಲ್ಲ. ಉಳಿದೆಲ್ಲ ಬರಹವನ್ನು ನುಂಗಿಹಾಕುವ ಈ ಪದ್ಧತಿಯನ್ನು ನಾನಂತೂ ಮೆಚ್ಚಲಾರೆ. ಆದರೆ ರಾಯಲ್ ಮೈಲ್ ಎಂಬ ಹಳೆಯ ಹೆಬ್ಬೀದಿಯಲ್ಲಿ ನಿಂತರೆ ಅದರ ಅಗತ್ಯವೂ ತಿಳಿಯುತ್ತದೆ. ವೇಷ ಹಾಕಿದ ನಟರೇ ಬಂದು ನಿಮ್ಮ ಕೈಗೆ ಕರಪತ್ರ ತುರುಕುತ್ತಾರೆ. ಹಿಂದಿನ ದಿನ ಒಳ್ಳೆಯ ವಿಮರ್ಶೆ ಬಂದಿದ್ದರೆ, ನಕ್ಷತ್ರ ಅಚ್ಚಾದ ಕಾಗದದ ಪಟ್ಟಿಯನ್ನು ರಾತ್ರಿಯೆಲ್ಲ ಕುಳಿತು ಒಂದೊಂದು ಕರಪತ್ರಕ್ಕೂ ಪಿನ್ನು ಹೊಡೆದಿರುತ್ತಾರೆ. ಪಟ್ಟಿಯಿಲ್ಲದವರು ನಾಟಕ ಏಕೆ ನೋಡಬೇಕೆಂಬುದನ್ನು ಬಾಯಲ್ಲೇ ಹೇಳಬೇಕು. ಮಳೆ ಹನಿಯುತ್ತಿರುತ್ತದೆ, ನಿಮಗೂ ಅವಸರ. ಅವರಿಗೆ ಸಿಗುವುದು ಅರ್ಧ ನಿಮಿಷ.