ಸರ್ಕಾರದ ಖರೀದಿ ಮತ್ತು ಗ್ರಾಮೀಣ ದುಡಿಮೆ

ಸರ್ಕಾರದ ಖರೀದಿಯು ಪದಾರ್ಥವನ್ನು ತಯಾರಿಸಿದವರ ಬದುಕಿಗೂ ಆಸರೆಯಾಗಬಲ್ಲದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಇದಕ್ಕೆ ನಿದರ್ಶನ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೇಯ್ದ ಖಾದಿಯು ಇಲ್ಲಿ ರಾಷ್ಟ್ರಧ್ವಜವಾಗಿ ಸರ್ಕಾರಿ ಕಚೇರಿಗಳನ್ನು ಸೇರುತ್ತದೆ. ನೂಲುವ, ನೇಯುವ, ಹೊಲಿಯುವ ಮಹಿಳೆಯರಿಗೆ ಅದರಿಂದ ಕೂಲಿ ದೊರೆಯುತ್ತದೆ.

2021ರ ಡಿಸೆಂಬರ್ 30ರಂದು ಧ್ವಜಸಂಹಿತೆಗೆ ಆದ ತಿದ್ದುಪಡಿಯು ಯಂತ್ರದಿಂದ ತಯಾರಾದ ಧ್ವಜಕ್ಕೂ, ಪಾಲಿಯೆಸ್ಟರ್ ಬಟ್ಟೆಗೂ ಅವಕಾಶವಿತ್ತಿತು. ಬೆಲೆಯೊಂದರಲ್ಲೇ ಸ್ಪರ್ಧೆ ನಡೆದರೆ ಕೈನೂಲು ಯಂತ್ರದೆದುರು ನಿಲ್ಲಲಾರದು.

ಕೇಂದ್ರದ ಇಲಾಖೆಗಳು ವಾರ್ಷಿಕ ಖರೀದಿಯ ಕನಿಷ್ಠ ಶೇಕಡಾ 25ರಷ್ಟನ್ನು ಕಿರು ಮತ್ತು ಸಣ್ಣ ಉದ್ದಿಮೆಗಳಿಂದ ಮಾಡಬೇಕೆಂಬ ನಿಯಮವಿದೆ; ಅದರೊಳಗೆ ಶೇಕಡಾ 3 ಮಹಿಳೆಯರ ಉದ್ದಿಮೆಗಳಿಗೆ ಮೀಸಲು. ಆದರೆ ಸಣ್ಣ ಉದ್ದಿಮೆಗಳೆಲ್ಲವೂ ದುಡಿಯುವವರ ಸಂಘಗಳಲ್ಲ. ಆದುದರಿಂದ ಟೆಂಡರಿನಲ್ಲಿ ಬೆಲೆಯೊಡನೆ, ಆ ಹಣ ಎಷ್ಟು ಕೈಗಳಿಗೆ ಕೂಲಿಯಾಗಿ ತಲುಪುವುದೆಂಬುದನ್ನೂ ಪರಿಗಣಿಸಬೇಕು. ಸಮವಸ್ತ್ರ ಕೊಳ್ಳುವ ವಿದ್ಯಾಸಂಸ್ಥೆಗಳಿಗೂ ಈ ಮಾತು ಅನ್ವಯಿಸುತ್ತದೆ.