ಎಣಿಕೆಯ ಸಂಖ್ಯೆ, ಅಳತೆಯ ಸಂಖ್ಯೆ

1902ರಲ್ಲಿ ನಮ್ಮ ಶಿವನಸಮುದ್ರದಿಂದ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಆ ಮಹತ್ಕಾರ್ಯದ ಲೆಕ್ಕದಲ್ಲಿಯೂ ಸಂಖ್ಯೆಗಳು ಎರಡು ಬಗೆಯವು. ಯಂತ್ರಗಳನ್ನು ಎಣಿಸುತ್ತೇವೆ, ಅಲ್ಲಿ ಅರ್ಧಕ್ಕೆ ಎಡೆಯಿಲ್ಲ. ದೂರವನ್ನು ಅಳೆಯುತ್ತೇವೆ; ಅಲ್ಲಿ ಅರ್ಧ ಮೈಲಿಗೂ ಅರ್ಥವುಂಟು.

ಗಣಿತದ ಫಲನಗಳನ್ನೇ ತಳಹದಿಯಾಗಿಸಿಕೊಂಡು 1990ರಲ್ಲಿ ಹೊರಬಂದ ಹ್ಯಾಸ್ಕೆಲ್ ಎಂಬ ಕಂಪ್ಯೂಟರ್ ಭಾಷೆಯು ಈ ಭೇದವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತದೆ. ಅದರಲ್ಲಿ ಪೂರ್ಣಾಂಕಕ್ಕೆ ‘ಇಂಟ್’ ಎಂದೂ ದಶಮಾಂಶ ಸಂಖ್ಯೆಗೆ ‘ಡಬಲ್’ ಎಂದೂ ಹೆಸರು. ಹೊಸದಾಗಿ ಕಲಿಯುವವರು ಎಡವುವುದು ಇಲ್ಲಿಯೇ.

ವಿದ್ಯಾರ್ಥಿಯೊಬ್ಬನು ಎರಡು ಪರೀಕ್ಷೆಗಳಲ್ಲಿ 34 ಮತ್ತು 35 ಅಂಕ ಪಡೆದನೆಂದು ಭಾವಿಸೋಣ. 69 ಭಾಗಿಸು 2 ಎಂದು ನೇರವಾಗಿ ಬರೆದರೆ 34.5 ಎಂಬ ಉತ್ತರ ಬರುತ್ತದೆ. ಆದರೆ ಅಂಕಗಳನ್ನು ‘ಇಂಟ್’ ಪಟ್ಟಿಯಾಗಿಟ್ಟು, ಅವುಗಳ ಮೊತ್ತವನ್ನು ಪಟ್ಟಿಯ ಉದ್ದದಿಂದ ಭಾಗಿಸಹೊರಟರೆ ಯಂತ್ರವು ದೋಷವೆನ್ನುತ್ತದೆ. ಕಾರಣ ಸರಳ. ಬಿಡಿಯಾಗಿ ಬರೆದ 69 ಸಂದರ್ಭಕ್ಕೆ ತಕ್ಕ ರೂಪ ತಾಳಬಲ್ಲದು. ‘ಇಂಟ್’ ಎಂದು ಒಮ್ಮೆ ನಿಶ್ಚಯವಾದ 69 ತಾನಾಗಿ ರೂಪ ಬದಲಿಸದು. ಓರೆಗೆರೆಯ ಭಾಗಾಕಾರವಾದರೋ ಭಿನ್ನರಾಶಿಯನ್ನು ಒಪ್ಪುವ ಸಂಖ್ಯೆಗಳನ್ನೇ ಬೇಡುತ್ತದೆ.

ಪರಿಹಾರಕ್ಕೆ ಮೊದಲ ಹೆಜ್ಜೆಯೆಂದರೆ, ಪ್ರತಿಯೊಂದು ಹೆಸರಿನ ಮೇಲೂ ಅದರ ಬಗೆಯನ್ನು ಬರೆದಿಡುವುದು. ಆಗ ತೊಡಕು ಯಾವ ಸಾಲಿನಲ್ಲಿದೆಯೆಂಬುದು ತಿಳಿಯುತ್ತದೆ. ಬಳಿಕ ಮೊತ್ತವನ್ನೂ ಉದ್ದವನ್ನೂ ‘ಫ್ರಮ್‌ಇಂಟಿಗ್ರಲ್’ ಎಂಬ ಫಲನದಿಂದ ‘ಡಬಲ್’ ಆಗಿಸಿ ಭಾಗಿಸಬೇಕು. ದೋಷ ಮರೆಯಾದರೆ ಸಾಕೆಂದು ‘ಡಿವ್’ ಎಂಬ ಪೂರ್ಣಾಂಕ ಭಾಗಾಕಾರವನ್ನು ಬಳಸಿದರೆ 34 ಎಂಬ ಉತ್ತರ ಬರುತ್ತದೆ. ಅರ್ಧ ಅಂಕವು ಸದ್ದಿಲ್ಲದೆ ಅಳಿಯುತ್ತದೆ.

ತೇರ್ಗಡೆಗೆ 35 ಬೇಕೆಂದಿದ್ದರೆ ಆ ಅರ್ಧ ಅಂಕವೇ ಬಾಲಕನ ಒಂದು ವರ್ಷ. 34.5ನ್ನು ಮರಳಿ ಪೂರ್ಣಾಂಕವಾಗಿಸಲು ‘ಫ್ಲೋರ್’ 34 ಎನ್ನುತ್ತದೆ, ‘ಸೀಲಿಂಗ್’ 35 ಎನ್ನುತ್ತದೆ. ‘ರೌಂಡ್’ ನಮ್ಮ ಶಾಲಾ ರೂಢಿಯಂತೆ 35 ಕೊಡುವುದೆಂದು ನಂಬಿದರೆ ಮೋಸಹೋಗುತ್ತೇವೆ. ಸರಿಯಾಗಿ ಅರ್ಧವಿದ್ದಾಗ ಅದು ಹತ್ತಿರದ ಸಮಸಂಖ್ಯೆಯನ್ನು ಆರಿಸುವುದರಿಂದ 34.5 ಎಂಬುದು 34 ಆಗುತ್ತದೆ, 35.5 ಎಂಬುದು 36 ಆಗುತ್ತದೆ.

ಆದುದರಿಂದ ಯಂತ್ರದ ದೋಷಸೂಚನೆಯನ್ನು ಗದರಿಕೆಯೆಂದು ಬಗೆಯದೆ ಪ್ರಶ್ನೆಯೆಂದು ಓದಬೇಕು: ಇದು ಎಣಿಕೆಯೋ, ಅಳತೆಯೋ? ಉಳಿದ ಅರ್ಧವನ್ನು ಏನು ಮಾಡಲಿ? ಕೊನೆಯ ಪ್ರಶ್ನೆಗೆ ಉತ್ತರಿಸಬೇಕಾದವರು ಉಪಾಧ್ಯಾಯರೇ ಹೊರತು ಯಂತ್ರವಲ್ಲ.